ಬಲಕ್ಕೆ ನಿಲ್ಲುವ ಊರು

ಸಿಂಗಾಪುರ
2 ಜೂನ್ 2024

ಅವಿನ್,

ನಾನು ತೆಗೀಲಿಲ್ಲ. ಮೊದಲು ಇದನ್ನು ಓದು, ಆಮೇಲೆ ಬೇಕಾದ್ರೆ ಹರಿದು ಬಿಸಾಡು. ತೆಗೀಲಿಲ್ಲ, ಮುಟ್ಟಲಿಲ್ಲ, ಅಡಗಿಸಿ ಇಡ್ಲಿಲ್ಲ.

'ಸ್ವಸ್ತಿಕ್ ಕದ್ದ' ಅಂತ ನೀನು ಎಲ್ಲೂ ಬರೀಲಿಲ್ಲ, ಗೊತ್ತುಂಟು. ನೀನು ಅಷ್ಟು ಪೆದ್ದ ಅಲ್ಲ. ಅಪ್ಪನಿಗೆ ಕಾರ್ಡ್ ಹಾಕಿದ್ದಿ: "ಮಾವ, ನೀವು ಕೊಟ್ಟ ಸ್ಕ್ರೂಡ್ರೈವರ್ ಇಲ್ಲಿ ಬಂದು ಬ್ಯಾಗ್ ಬಿಚ್ಚಿದಾಗ ಇರಲಿಲ್ಲ. ಪರವಾಗಿಲ್ಲ, ಯಾರನ್ನೂ ಕೇಳಬೇಡಿ." ಯಾರನ್ನೂ ಕೇಳಬೇಡಿ ಅಂದ್ರೆ ಎಂತ ಮಾರಾಯ? ನೀನು ಹೋದ ಮೇಲೆ ಈ ಮನೆಯಲ್ಲಿ ನಾಲ್ಕೇ ಜನ. ಕೊಟ್ಟವರು ಅಪ್ಪ. ಅಮ್ಮ ತೆಗೀಲಿಕ್ಕಿಲ್ಲ. ಅಕ್ಷಿತಾಳಿಗೆ ಹನ್ನೊಂದು ವರ್ಷ, ತಂಗಿಗೆ ಅದು ಎಂತಕ್ಕೆ? ಉಳಿದದ್ದು ಯಾರು?

ಅಪ್ಪ ಊಟಕ್ಕೆ ಕೂತಲ್ಲಿ ನಿನ್ನ ಕಾರ್ಡ್ ದೊಡ್ಡದಾಗಿ ಓದಿದ್ರು. ಓದಿ ನನ್ನ ಮುಖ ನೋಡಿದ್ರು. ಒಂದೇ ಸಲ. ಮತ್ತೆ ಅನ್ನಕ್ಕೆ ಸಾರು ಹಾಕ್ಕೊಂಡ್ರು. ಬೈದಿದ್ರೆ ನಾನೂ ಬೈತಿದ್ದೆ. ನೋಡಿದ್ದಕ್ಕೆ ಎಂತ ಮಾಡ್ಲಿಕ್ಕಾಗ್ತದೆ?

ಆ ಸ್ಕ್ರೂಡ್ರೈವರ್ ನನಗೆ ಬೇಕಿತ್ತು, ಹೌದು. ಅದನ್ನು ಸುಳ್ಳು ಹೇಳೋದಿಲ್ಲ. ಮೊಳ ಉದ್ದದ್ದು, ಮರದ ಹಿಡಿ, ಅಪ್ಪನ ಬೆರಳು ಕೂರುವಲ್ಲಿ ಗುಳಿ ಬಿದ್ದಿರೋದು. ಎಸ್ಕಲೇಟರಿನ ಹೊಟ್ಟೆ ತೆರೆದು, ತುದಿಯನ್ನು ಬೇರಿಂಗಿಗೆ ಇಟ್ಟು, ಹಿಡಿಯನ್ನು ಕಿವಿ ಹಿಂದಿನ ಎಲುಬಿಗೆ ಒತ್ತಿ, ಕಣ್ಣು ಮುಚ್ಚಿ ಅಪ್ಪ ಕೇಳ್ತಾರಲ್ಲ, ಡಾಕ್ಟರ್ ಎದೆ ನೋಡಿದ ಹಾಗೆ. ಹದಿನಾರನೇ ವರ್ಷದಿಂದ ಅವರ ಹಿಂದೆ ಟಾರ್ಚ್ ಹಿಡಿದದ್ದು ನಾನು. ನೀನು ಬಂದು ಎರಡು ವರ್ಷ. ನಿನಗೆ ದೀಪದ ಎದುರು ನಿಲ್ಲಿಸಿ ಎರಡು ಕೈಯಲ್ಲಿ ಕೊಟ್ರು. "ತಂಗಿಯ ಮಗನಿಗೆ ಹೋಗ್ಬೇಕಾದ್ದು" ಅಂದ್ರು. ಊರಲ್ಲೇ ಈಗ ಯಾರೂ ಅಳಿಯಕಟ್ಟು ನೋಡೋದಿಲ್ಲ, ಎಲ್ಲ ಆಸ್ತಿ ಮಗನಿಗೆ ಬರೀತಾರೆ. ಸತ್ತುಹೋದ ಆ ಕಟ್ಟು ಇಲ್ಲಿ ಹನ್ನೆರಡನೇ ಮಾಳಿಗೆಯಲ್ಲಿ, ನಮ್ಮಪ್ಪನ ಟೂಲ್ ಬಾಕ್ಸಿನಲ್ಲಿ ಬದುಕಿ ಉಂಟು.

ಕಲ್ಲಾಂಗ್ ವರ್ಕ್‌ಶಾಪಿನಲ್ಲಿ ಆ ಜಪಾನಿನವರು ತರಬೇತಿಗೆ ಜನ ಆರಿಸ್ಲಿಕ್ಕೆ ಟೆಸ್ಟ್ ಮಾಡಿದ ದಿನ ನೆನಪುಂಟಾ? ಸದ್ದು ಎಲ್ಲಿಂದ ಅಂತ ನಾನು ಹೇಳಿದೆ. ನೀನು ಇಂಗ್ಲಿಷಲ್ಲಿ ರಿಪೋರ್ಟ್ ಬರ್ದೆ. ಒಸಾಕಾಕ್ಕೆ ಹೋದದ್ದು ರಿಪೋರ್ಟ್. ಕಿವಿ ಇಲ್ಲೇ ಉಳೀತು, ಸರ್ಟಿಫಿಕೇಟ್ ಇಲ್ಲ ಅಂತ.

ಕಾರ್ಡ್ ಓದಿದ ದಿನ ಎದ್ದು ಹೋಗಿ ಬಾಗಿಲು ಹೊಡೀಬೇಕು ಅಂತ ಇತ್ತು. ಅದೂ ಆಗ್ಲಿಲ್ಲ. ಆರು ವರ್ಷದ ಹಿಂದೆ ನಾನು ಶಾಲೆ ಬಿಟ್ಟ ದಿನ ಹೊಡೆದದ್ದಕ್ಕೆ ಅಪ್ಪ ಬಾಗಿಲಿನ ನೆತ್ತಿಗೆ ಕ್ಲೋಸರ್ ಕೂರಿಸಿದ್ದಾರಲ್ಲ. ಎಷ್ಟು ಜೋರಾಗಿ ಎಳೆದ್ರೂ ಆ ಎಣ್ಣೆ ಡಬ್ಬ ಬಾಗಿಲನ್ನು ಹಿಡ್ಕೊಂಡು ಮೆಲ್ಲ, ಮೆಲ್ಲ, ಮೆಲ್ಲ ತಂದು 'ಟಕ್' ಅಂತ ಇಡ್ತದೆ. ಈ ಮನೆಯಲ್ಲಿ ಸಿಟ್ಟು ಮಾಡ್ಲಿಕ್ಕೂ ಅಪ್ಪನ ಸ್ಪೀಡೇ ಆಗ್ಬೇಕು.

ವಾಟ್ಸ್ಯಾಪಲ್ಲಿ ನಿನ್ನನ್ನು ಬ್ಲಾಕ್ ಮಾಡಿದ್ದೇನೆ. ತೆಗೆಯೋದಿಲ್ಲ. ಹೇಳ್ಲಿಕ್ಕೆ ಇದ್ರೆ ಕಾಗದ ಬರಿ. ಬೈಲಿಕ್ಕೆ ತುಳುವೇ ಒಳ್ಳೇದು, ಆದ್ರೆ ಕಾರ್ಕಳದಲ್ಲಿ ಏಳನೇ ಕ್ಲಾಸಿನವರೆಗೆ ಕಲ್ತ ಕನ್ನಡ ಒಂದೇ ನನಗೆ ಬರೀಲಿಕ್ಕೆ ಬರೋದು.

ಇನ್ನು ಭಾವ ಅಂತ ಕರೆಯೋದಿಲ್ಲ.

ಸ್ವಸ್ತಿಕ್


ಒಸಾಕಾ
23 ಜೂನ್ 2024

ಪ್ರೀತಿಯ ಸ್ವಸ್ತಿಕ್,

ನಿನ್ನ ಕಾಗದ ತಲುಪಿತು. ನೀನು ತೆಗೆದೆ ಎಂದು ನಾನು ಹೇಳಿಲ್ಲ, ಹಾಗೆ ಅಂದುಕೊಂಡೂ ಇಲ್ಲ. ಆ ವಿಷಯ ಇಲ್ಲಿಗೆ ಬಿಡೋಣ.

ಇಲ್ಲಿನ ಕೆಲಸದ ಬಗ್ಗೆ ಬರೆಯುತ್ತೇನೆ. ನಾನಿರುವುದು ಉಮೆದಾ ಸ್ಟೇಷನ್ನಿನಲ್ಲಿ. ನೆಲದಡಿಯಲ್ಲಿ ಒಂದು ಪೇಟೆಯೇ ಇದೆ. ಅಕ್ಕಪಕ್ಕದಲ್ಲಿ ಮೂರು ಸ್ಟೇಷನ್, ಮೂರು ಲೈನ್; ನಡುವೆ ಬೇಕರಿ, ಟೈ ಅಂಗಡಿ, ನಿಂತೇ ನೂಡಲ್ಸ್ ತಿನ್ನುವ ಹೋಟೆಲು. ಮೊದಲ ವಾರ ದಿನವೂ ದಾರಿ ತಪ್ಪಿದೆ. ಒಂದು ಲೈನಿನಿಂದ ಇನ್ನೊಂದಕ್ಕೆ ಹೋಗಬೇಕಾದರೆ ಗೇಟಿನಿಂದ ಹೊರಗೆ ಬಂದು, ಅಂಗಡಿಗಳ ನಡುವೆ ನಡೆದು, ಇನ್ನೊಂದು ಗೇಟಿನಲ್ಲಿ ಒಳಗೆ ಹೋಗಬೇಕು. ಅರ್ಧ ಗಂಟೆಯೊಳಗೆ ಹೋದರೆ ಅದು ಅದೇ ಪ್ರಯಾಣ. ಅರ್ಧ ಗಂಟೆ ದಾಟಿದರೆ ಹೊಸ ಪ್ರಯಾಣ, ಹೊಸ ಟಿಕೆಟ್. ಹೊರಗೆ ಬಂದರೂ ನೀನು ಇನ್ನೂ ಒಳಗೇ ಇದ್ದೀಯ ಎಂದು ಆ ಗೇಟು ಅಷ್ಟು ಹೊತ್ತು ನೆನಪಿಟ್ಟಿರುತ್ತದೆ.

ನಮ್ಮ ಮೇಸ್ತ್ರಿಗೆ ಅರವತ್ತು ದಾಟಿದೆ. ನೋಡುವ ಪ್ರತಿಯೊಂದಕ್ಕೂ ಬೆರಳು ತೋರಿಸಿ ಬಾಯಿಬಿಟ್ಟು ಹೇಳಬೇಕು, ಅದು ಇಲ್ಲಿನ ಕ್ರಮ. 'ಸ್ವಿಚ್, ಸರಿ!' 'ಚೈನ್, ಸರಿ!' ನನಗೆ ಮೊದಮೊದಲು ನಾಚಿಕೆಯಾಗುತ್ತಿತ್ತು. ಈಗ ಹಲ್ಲುಜ್ಜುವಾಗಲೂ ಬ್ರಷ್‌ಗೆ ಬೆರಳು ತೋರಿಸುತ್ತೇನೆ.

ಇನ್ನೊಂದು ತಮಾಷೆ. ಈ ಊರಿನವರು ಎಸ್ಕಲೇಟರಿನಲ್ಲಿ ಬಲಕ್ಕೆ ನಿಲ್ಲುತ್ತಾರೆ. ನಾನು ಸಿಂಗಾಪುರದ ಅಭ್ಯಾಸದಲ್ಲಿ ಎಡಕ್ಕೆ ನಿಂತಿದ್ದೆ. ಹಿಂದಿನಿಂದ ಒಬ್ಬ ಅಜ್ಜಿ ಕೊಡೆಯ ತುದಿಯಿಂದ ಬೆನ್ನು ತಿವಿದು, ಪಕ್ಕಕ್ಕೆ ಸರಿಸಿ, ನನ್ನನ್ನು ದಾಟಿ ಮೇಲೆ ಓಡಿದಳು!

ಆದರೆ ಒಂದು ಯಂತ್ರ ನನ್ನ ಮಾನ ತೆಗೆಯುತ್ತಿದೆ. ಪಕ್ಕದ ನಿಶಿ ಉಮೆದಾ ಸ್ಟೇಷನ್ನಿನ ಕಡೆಗೆ ಏರುವ ಉದ್ದದ ಎಸ್ಕಲೇಟರ್. ಜನರಿದ್ದಾಗ ಟಕ್, ಟಕ್ ಎನ್ನುತ್ತದೆ. ಖಾಲಿ ಓಡಿಸಿದರೆ ಸದ್ದಿಲ್ಲ. ಮಾವ ಕಲಿಸಿದ ಹಾಗೆ, ಮೆಟ್ಟಿಲುಗಳ ಕೆಳಗೆ ಉರುಳುವ ಎಡಗಡೆಯ ರೋಲರುಗಳನ್ನು ಒಂದೊಂದಾಗಿ ಕೇಳಿದೆ. ಎಲ್ಲ ಸರಿಯಾಗಿವೆ. ಮೇಸ್ತ್ರಿ ಕೈಕಟ್ಟಿ ಕಾಯುತ್ತಾರೆ. ಇದನ್ನು ನಾನು ಹಿಡಿಯದಿದ್ದರೆ ಮುಂದಿನ ಹಂತದ ತರಬೇತಿಗೆ ಕಳಿಸುವುದಿಲ್ಲವಂತೆ.

ಮಾವನಿಗೂ ಅತ್ತೆಗೂ ನಮಸ್ಕಾರ ತಿಳಿಸು.

ನಿನ್ನ
ಅವಿನ್


ಸಿಂಗಾಪುರ
14 ಜುಲೈ 2024

ಅವಿನ್,

'ಇಲ್ಲಿಗೆ ಬಿಡೋಣ.' ನೀನು ಬಿಡ್ತಿ, ನಿನಗೆ ಎಂತ! ಬೀಗ ಬಿದ್ದದ್ದು ನನ್ನ ಮುಖಕ್ಕೆ.

ಹೌದು, ಬೀಗ. ಅಪ್ಪ ಟೂಲ್ ಬಾಕ್ಸಿಗೆ ಬೀಗ ಹಾಕಿದ್ದಾರೆ. ಹಿತ್ತಾಳೆಯದ್ದು, ಹೊಸದು. ಕೀಲಿ ಅವರ ಉಡಿದಾರದಲ್ಲಿ. ಸ್ನಾನಕ್ಕೆ ಹೋಗುವಾಗಲೂ. ನಾನು ಇಷ್ಟು ವರ್ಷ ಕೇಳದೆ ತೆರೀತಿದ್ದ ಪೆಟ್ಟಿಗೆ ಅದು. ಈಗ ನನ್ನ ಸೈಕಲ್ಲಿಗೆ ಸ್ಪ್ಯಾನರ್ ಬೇಕಾದ್ರೆ "ಅಪ್ಪಾ" ಅಂತ ನಿಲ್ಬೇಕು, ಅವರು ಎದ್ದು ಬಂದು ತೆಗೆದು ಕೊಟ್ಟು, ನಾನು ಕೆಲಸ ಮುಗಿಸುವವರೆಗೆ ಅಲ್ಲೇ ಪೇಪರ್ ಓದ್ತಾ ನಿಲ್ತಾರೆ. ಪೇಪರ್ ತಲೆಕೆಳಗೆ ಹಿಡಿದ್ರೂ ಗೊತ್ತಾಗ್ಲಿಕ್ಕಿಲ್ಲ ಅವರಿಗೆ.

ಅಕ್ಷಿತಾ ಮೊನ್ನೆ ತನ್ನ ಸಿಂಗಾಪುರದ ಧಾಟಿಯಲ್ಲಿ ಹೇಳಿಯೇ ಬಿಟ್ಟಳು. "ಪಾ, ಅಣ್ಣ ತೆಗ್ದಿಲ್ಲ ಲಾ! ಯಾಕೆ ಲಾಕ್ ಮಾಡ್ತೀರಿ?"

"ಇಲಿ ಕಾಟ" ಅಂದ್ರು ಅಪ್ಪ.

ಹನ್ನೆರಡನೇ ಮಾಳಿಗೆಯಲ್ಲಿ ಇಲಿ! ಅದೂ ಸ್ಪ್ಯಾನರ್ ತಿನ್ನುವ ಇಲಿ!

ನಿನ್ನ ಕಾಗದ ನನಗೆ ಬಂದದ್ದು. ಆದ್ರೆ ಅಮ್ಮ, "ಓದು ಮಗಾ, ಅವಿನ್ ಎಂತ ಬರ್ದಿದ್ದಾನೆ" ಅಂತ ಹಿಂದೆ ಬಿದ್ರು. ಓದಿದೆ. ಅಜ್ಜಿ ಕೊಡೆಯಲ್ಲಿ ತಿವಿದ ಕತೆಗೆ ಅಪ್ಪ ನಕ್ರು. ಕಣ್ಣಲ್ಲಿ ನೀರು ಬರುವಷ್ಟು. ಎರಡು ಸಲ ಓದಿಸಿದ್ರು. ನನ್ನ ಬಾಯಲ್ಲಿ ಓದಿಸಿ ನಿನ್ನ ಮಾತಿಗೆ ನಗೋದು. ನಾನು ದಿನಾ ಅವರ ಎದುರು ಕೂತು ಉಣ್ತೇನೆ, ನನ್ನ ಯಾವ ಮಾತಿಗೆ ನಕ್ಕದ್ದು ನೋಡಿದ್ದಿ ನೀನು?

ಕಂಪನಿಯವರು ನನ್ನನ್ನು ಈಗ ಊರಿನ ಆ ತುದಿಯ ಟುವಾಸ್‌ಗೆ ಹಾಕಿದ್ದಾರೆ. ಗೋಡೌನಿನ ಸಾಮಾನು ಲಿಫ್ಟ್. ಮನುಷ್ಯರು ನಿಲ್ಲುವ ಯಂತ್ರವೂ ಅಲ್ಲ. ಎರಡು ಬಸ್, ಒಂದು ಟ್ರೈನ್. ಟ್ರೈನಲ್ಲಿ ನಿಂತ್ಕೊಂಡು ನಿನ್ನ ಉಮೆದಾ ಸ್ಟೇಷನ್ನಿನ ಫೋಟೋ ಫೋನಲ್ಲಿ ಹುಡುಕಿ ನೋಡ್ತೇನೆ. ಹೌದು, ನೋಡ್ತೇನೆ. ಎಷ್ಟು ಎಸ್ಕಲೇಟರ್ ಉಂಟು ಅಂತ ಫೋಟೋದಲ್ಲಿ ಲೆಕ್ಕ ಹಾಕಿ ಹೊಟ್ಟೆ ಉರಿಸ್ಕೊಳ್ತೇನೆ. ನನಗೆ ಸಿಗ್ಬೇಕಿತ್ತು ಅದು. ಬಾಯಿಬಿಟ್ಟೇ ಹೇಳ್ತೇನೆ, ನಿನ್ನ ಮೇಸ್ತ್ರಿಯ ಹಾಗೆ ಬೆರಳು ತೋರಿಸಿ: 'ಹೊಟ್ಟೆಕಿಚ್ಚು, ಸರಿ!'

ಮತ್ತೆ ನಿನ್ನ ಟಕ್ ಟಕ್. ಕತ್ತೆ! ಎಡಗಡೆ ಎಂತಕ್ಕೆ ಕೇಳ್ತಿ? ಅಪ್ಪ ಎಡಗಡೆ ಕೇಳೋದು ಸಿಂಗಾಪುರದವರು ಎಡಕ್ಕೆ ನಿಲ್ತಾರೆ ಅಂತ. ಭಾರ ಬೀಳೋದು ಅಲ್ಲಿ, ಸವೆಯೋದು ಅಲ್ಲಿ. ನೀನಿರುವ ಊರು ನಿಲ್ಲೋದು ಬಲಕ್ಕೆ. ಅಜ್ಜಿ ಬೆನ್ನಿಗೆ ತಿವಿದು ಹೇಳಿಕೊಟ್ರೂ ಗೊತ್ತಾಗ್ಲಿಲ್ಲವಾ? ಖಾಲಿ ಓಡಿಸ್ಬೇಡ. ನಾಲ್ಕು ಜನರನ್ನು ಬಲಗಡೆ ನಿಲ್ಲಿಸಿ ಓಡಿಸು, ಬಲಗಡೆಯ ರೋಲರ್ ಕೇಳು, ಮೇಲಿನ ತಿರುವಿನ ಹತ್ತಿರ.

ಯಾಕೆ ಹೇಳಿಕೊಟ್ಟೆ ಅಂತ ನನಗೇ ಗೊತ್ತಿಲ್ಲ. ತಪ್ಪಾಗಿ ಕೇಳ್ತಾ ಇದ್ದಿ ಅಂತ ಗೊತ್ತಿದ್ದೂ ಸುಮ್ಮನೆ ಇರ್ಲಿಕ್ಕೆ ಆಗ್ಲಿಲ್ಲ, ಅಷ್ಟೇ.

ಸ್ವಸ್ತಿಕ್


ಒಸಾಕಾ
9 ಸೆಪ್ಟೆಂಬರ್ 2024

ಸ್ವಸ್ತಿಕ್,

ಎಂಟು ವಾರ ಬರೆಯದೆ ಕೂತದ್ದಕ್ಕೆ ಕಾರಣ ಕೆಲಸ ಅಲ್ಲ. ನಾಲ್ಕು ಸಲ ಬರೆಯಲು ಕೂತು ಎದ್ದಿದ್ದೇನೆ.

ಬಲಗಡೆ, ಮೇಲಿನ ತಿರುವಿನ ಹತ್ತಿರ, ಎರಡು ರೋಲರ್. ನೀನು ಹೇಳಿದ ಜಾಗದಲ್ಲೇ ಇತ್ತು. ನೋಡದೆ, ಐದು ಸಾವಿರ ಕಿಲೋಮೀಟರ್ ಆಚೆಯಿಂದ. ಮೇಸ್ತ್ರಿ ಎಲ್ಲರನ್ನೂ ಕರೆದು, ನನಗೆ ಬೆರಳು ತೋರಿಸಿ, "ಕಿವಿ, ಸರಿ!" ಅಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಅದು ನನ್ನ ಕಿವಿಯಲ್ಲ ಎಂದು ಹೇಳಲು ಬಾಯಿ ತೆರೆದೆ. ಮುಚ್ಚಿಕೊಂಡೆ. ಮುಂದಿನ ಹಂತಕ್ಕೆ ನನ್ನ ಹೆಸರು ಹೋಯಿತು.

ನಿನ್ನ ಕಿವಿಯ ಹೆಸರನ್ನು ನಾನು ಇಟ್ಟುಕೊಂಡದ್ದು ಇದು ಮೊದಲ ಸಲ ಅಲ್ಲ, ಕಲ್ಲಾಂಗಿನಲ್ಲೂ ಅದೇ ಆಯಿತು. ಆದ್ದರಿಂದ ಇನ್ನೊಂದನ್ನೂ ಬರೆಯುತ್ತೇನೆ.

ಸ್ಕ್ರೂಡ್ರೈವರ್ ಮನೆಯಲ್ಲಿ ಕಾಣೆಯಾದದ್ದಲ್ಲ. ಹೊರಡುವ ದಿನ ಮಾವ, "ಲಗೇಜಿಗೆ ಹಾಕಬೇಡ, ಅವರು ಎಸೆದಾಡುತ್ತಾರೆ, ಹಿಡಿ ಒಡೆದೀತು. ಮಡಿಲಲ್ಲಿಟ್ಟುಕೊಂಡು ಹೋಗು" ಅಂದರು. ಕೈಚೀಲದಲ್ಲಿ ಇಟ್ಟುಕೊಂಡೆ. ಅಷ್ಟು ಉದ್ದದ ಕಬ್ಬಿಣವನ್ನು ವಿಮಾನದೊಳಗೆ ಬಿಡುವುದಿಲ್ಲ ಎಂದು ಅವರಿಗೂ ಹೊಳೆಯಲಿಲ್ಲ, ಡಿಪ್ಲೊಮಾ ಓದಿದ ನನಗೂ ಹೊಳೆಯಲಿಲ್ಲ. ಚಾಂಗಿ ಏರ್‌ಪೋರ್ಟಿನಲ್ಲಿ ತಪಾಸಣೆ ವಿಮಾನ ಹತ್ತುವ ಗೇಟಿನಲ್ಲೇ ಅಲ್ಲವೇ. ಲಗೇಜಿನ ಪೆಟ್ಟಿಗೆ ಆಗಲೇ ಒಳಗೆ ಹೋಗಿತ್ತು. ಆ ಹೆಂಗಸು ಅದನ್ನು ಹೊರಗೆ ತೆಗೆದು, ಬೆಳಕಿಗೆ ಹಿಡಿದು, "ಸರ್, ಇದು ಹೋಗುವುದಿಲ್ಲ" ಅಂದಳು. ನನ್ನ ಹಿಂದೆ ಉದ್ದ ಸಾಲು. "ಸರಿ, ತೆಗೆದುಕೊಳ್ಳಿ" ಅಂದುಬಿಟ್ಟೆ. ಒಂದು ನಿಮಿಷವೂ ವಾದಿಸಲಿಲ್ಲ. ಅವಳು ಅದನ್ನು ಕತ್ತರಿ, ಲೈಟರುಗಳಿದ್ದ ಡಬ್ಬಕ್ಕೆ ಹಾಕಿದಳು. ಬಿದ್ದ ಸದ್ದು ನನಗೆ ಇನ್ನೂ ಕೇಳುತ್ತದೆ.

ಮೂವತ್ತು ವರ್ಷ ಮಾವ ಕಿವಿಗೆ ಒತ್ತಿಕೊಂಡದ್ದನ್ನು ಮೂವತ್ತು ಗಂಟೆಯೂ ಇಟ್ಟುಕೊಳ್ಳಲಿಲ್ಲ ಎಂದು ಹೇಗೆ ಬರೆಯಲಿ? 'ಬ್ಯಾಗಿನಲ್ಲಿ ಇರಲಿಲ್ಲ' ಎಂದು ಬರೆದೆ. ಸುಳ್ಳಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಅದು ನಿನ್ನ ತಲೆಗೆ ಬರುತ್ತದೆ ಎಂದು ಗೊತ್ತಿತ್ತು. ಬೀಗದ ವಿಷಯ ಓದಿದ ಮೇಲಂತೂ ಖಾತ್ರಿಯಾಗಿ ಗೊತ್ತಿತ್ತು.

ಡಿಸೆಂಬರಿನಲ್ಲಿ ಬಂದಾಗ ಮಾವನ ಕಾಲು ಮುಟ್ಟಿ ನಾನೇ ಹೇಳುತ್ತೇನೆ. ಅಲ್ಲಿಯವರೆಗೆ ತಡೆಯಲು ಆಗುತ್ತದೆಯೇ? ಕೇಳುವ ಹಕ್ಕಿಲ್ಲ. ಆದರೂ ಕೇಳುತ್ತಿದ್ದೇನೆ.

ಅವಿನ್


ಸಿಂಗಾಪುರ
29 ಸೆಪ್ಟೆಂಬರ್ 2024

ಅವಿನ್,

ಸಿಕ್ಕಿತು. ನಾಲ್ಕು ತಿಂಗಳು ನಾನು ಕಳ್ಳ, ನೀನು 'ಕಿವಿ, ಸರಿ'.

ಹೆದರ್ಬೇಡ, ತೋರಿಸ್ಲಿಲ್ಲ. ನಿನಗೋಸ್ಕರ ಅಲ್ಲ. ಈ ಕಾಗದ ತೋರಿಸಿದ್ರೆ ಅಪ್ಪ ಕಾಗದವನ್ನು ನಂಬ್ತಾರೆ. ನನಗೆ ಬೇಕಾದ್ದು ಅದಲ್ಲ. ಅಪ್ಪ ತಾವಾಗಿಯೇ, ಯಾರೂ ಹೇಳದೆ, 'ಸ್ವಸ್ತಿಕ್ ತೆಗ್ದಿರ್ಲಿಕ್ಕಿಲ್ಲ' ಅಂತ ಒಂದು ಸಲ ಬಾಯಲ್ಲಿ ಹೇಳ್ಬೇಕು. ಅಷ್ಟೇ. ಸ್ಕ್ರೂಡ್ರೈವರೂ ಬೇಡ, ಒಸಾಕಾವೂ ಬೇಡ.

ಆಯುಧಪೂಜೆಗೆ ಆ ಪೆಟ್ಟಿಗೆ ತೆರೀಲೇಬೇಕಲ್ಲ. ಅಲ್ಲಿವರೆಗೆ ಕಾಯ್ತೇನೆ. ಕಾಗದ ಪ್ಯಾಂಟಿನ ಕಿಸೆಯಲ್ಲಿ ಉಂಟು. ಅಮ್ಮ ಎರಡು ಸಲ ಪ್ಯಾಂಟ್ ಒಗೀಲಿಕ್ಕೆ ಕೇಳಿದ್ರು, ಕೊಡ್ಲಿಲ್ಲ. ವಾಸನೆ ಬರ್ತಾ ಉಂಟು ಅಂತ ಬೈತಾರೆ.

ಸ್ವಸ್ತಿಕ್


ಸಿಂಗಾಪುರ
13 ಅಕ್ಟೋಬರ್ 2024

ಅವಿನ್,

ಮನೆ ಬಿಟ್ಟೆ. ನಮ್ಮ ಬ್ಲಾಕಿನ ಕೆಳಗೆ, ಕಂಬಗಳ ನಡುವಿನ ಖಾಲಿ ವಾಯ್ಡ್ ಡೆಕ್ಕಿನ ಕಲ್ಲು ಮೇಜಲ್ಲಿ ಬರೀತಿದ್ದೇನೆ. ಬ್ಯಾಗ್ ಕಾಲ ಹತ್ತಿರ ಉಂಟು. ಇಪ್ಪತ್ತು ನಿಮಿಷ ಆಯ್ತು. ನಿನ್ನ ಅರ್ಧ ಗಂಟೆಯ ರೂಲ್ ನನಗೆ ಹೇಳ್ಬೇಡ. ಬಸ್ ಬರ್ಲಿಲ್ಲ, ಅದಕ್ಕೆ ಕೂತದ್ದು. ಟುವಾಸಿನಲ್ಲಿ ನನ್ನ ಜೊತೆ ಕೆಲಸ ಮಾಡುವ ಸೇತುರಾಮನ ರೂಮಲ್ಲಿ ಒಂದು ಮಂಚ ಖಾಲಿ ಉಂಟು.

ಶುಕ್ರವಾರ ಆಯುಧಪೂಜೆ ಹೋಯ್ತು, ಯಾರಿಗೂ ರಜೆ ಇಲ್ಲ. ಹಾಗೆ ಅಪ್ಪ ಪೂಜೆಯನ್ನು ಇವತ್ತು ಭಾನುವಾರ ಬೆಳಿಗ್ಗೆ ಇಟ್ರು. ಬೀಗ ತೆಗ್ದು, ಸಾಮಾನೆಲ್ಲ ಒರೆಸಿ, ಪೇಪರ್ ಮೇಲೆ ಸಾಲಾಗಿ ಮಲಗಿಸಿ, ಒಂದೊಂದಕ್ಕೆ ಗಂಧ ಹಚ್ಚಿದ್ರು. ಸ್ಪ್ಯಾನರಿಗೆ ಗೊಂಡೆ ಹೂವಿನ ಎಸಳು, ಇಕ್ಕಳಕ್ಕೆ ಎಸಳು. ನಡುವೆ ಮೊಳ ಉದ್ದ ಜಾಗ ಖಾಲಿ ಬಿಟ್ಟಿದ್ರು. ಆ ಖಾಲಿ ಜಾಗಕ್ಕೆ ಎಸಳಲ್ಲ, ಇಡೀ ಹೂವು.

ಮತ್ತೆ ದೀಪಕ್ಕೆ ಹೇಳಿದ್ರು. ನನಗಲ್ಲ, ದೀಪಕ್ಕೆ. "ತೆಗ್ದವರು ಇವತ್ತು ತಂದಿಟ್ರೆ ಯಾರೂ ಎಂತ ಕೇಳೋದಿಲ್ಲ."

ನಾನು ಕಿಸೆಯಿಂದ ನಿನ್ನ ಕಾಗದ ತೆಗ್ದು ಆ ಹೂವಿನ ಮೇಲೆ ಇಟ್ಟೆ.

ಅಪ್ಪ ಕನ್ನಡಕ ಹಾಕ್ಕೊಂಡು ಓದಿದ್ರು. ಮಡಚಿದ್ರು. ಬಿಚ್ಚಿ ಇನ್ನೊಮ್ಮೆ ಓದಿದ್ರು. ಅಮ್ಮ ಆರತಿ ತಟ್ಟೆ ಹಿಡ್ಕೊಂಡು ನಿಂತಲ್ಲೇ ನಿಂತಿದ್ರು, ಕರ್ಪೂರ ಉರಿದು ಮುಗೀತು. ನನ್ನ ಎದೆ ಹೇಗೆ ಹೊಡೀತಿತ್ತು ಅಂದ್ರೆ, ಯಾರಾದ್ರೂ ಸ್ಕ್ರೂಡ್ರೈವರ್ ಇಟ್ಟು ಕೇಳಿದ್ರೆ ಬೇರಿಂಗ್ ಹೋಗಿದೆ ಅಂತಿದ್ರು. ಈಗ ಹೇಳ್ತಾರೆ, ಈಗ ಹೇಳ್ತಾರೆ ಅಂತ ಕಾದೆ.

ಅಪ್ಪ ಎಂತ ಹೇಳಿದ್ರು ಗೊತ್ತುಂಟಾ?

"ಪಾಪ. ಏರ್‌ಪೋರ್ಟಲ್ಲಿ ಒಬ್ಬನೇ ಎಷ್ಟು ಹೆದರಿದನೋ ಆ ಹುಡುಗ. ನನ್ನದೇ ತಪ್ಪು, ಮಡಿಲಲ್ಲಿ ಇಟ್ಟುಕೋ ಅಂದವ ನಾನೇ ಅಲ್ಲವಾ."

ಪಾಪ! ನಿನಗೆ! ಕಳ್ಳ ಅನ್ಲಿಕ್ಕೆ ನಾನು, ಪಾಪ ಅನ್ಲಿಕ್ಕೆ ನೀನು!

"ಇವನಿಗೆ ಎಂತಾದ್ರೂ ಹೇಳಿ" ಅಂದ್ರು ಅಮ್ಮ.

ಅಪ್ಪ ಉಡಿದಾರದಿಂದ ಕೀಲಿ ಬಿಚ್ಚಿದ್ರು. ಬಾಳೆಹಣ್ಣಿನ ಪಕ್ಕ, ನನ್ನ ಎದುರು ಇಟ್ರು. ಬೀಗವನ್ನು ಕಸದ ಬುಟ್ಟಿಗೆ ಹಾಕಿ ಬಂದ್ರು. ಮತ್ತೆ ಕೂತು ಹೂವು ಸರಿ ಮಾಡ್ತಾ ಇದ್ರು. ಬೀಗ ತೆಗ್ದ್ರು, ಬಾಯಿ ತೆಗೀಲಿಲ್ಲ.

ನಾನು ಬ್ಯಾಗ್ ತುಂಬಿದೆ. ಅಮ್ಮ "ಊಟ ಮಾಡಿಯಾದ್ರೂ ಹೋಗು" ಅಂದ್ರು, ತಡೀಲಿಲ್ಲ. ಅಕ್ಷಿತಾ ಬಾತ್‌ರೂಮಲ್ಲಿ ಕೂತು ಅಳ್ತಿದ್ದಳು. ಬಾಗಿಲ ಹತ್ತಿರ ಬಂದು ಮೇಲೆ ನೋಡಿದೆ. ಕ್ಲೋಸರ್. ಈಗ ಎಳೆದ್ರೂ ಮೆಲ್ಲ, ಮೆಲ್ಲ, ಟಕ್. ಇಲ್ಲ, ಇವತ್ತು ಬಿಡೋದಿಲ್ಲ ಅಂತ ವಾಪಸ್ ಹೋದೆ. ಪೂಜೆಗಿಟ್ಟದ್ದನ್ನು ಮರುದಿನದವರೆಗೆ ಮುಟ್ಬಾರ್ದು ಅಂತ ಉಂಟಲ್ಲ. ಮುಟ್ಟಿದೆ. ಗಂಧ ಹಚ್ಚಿದ ಸಣ್ಣ ಸ್ಕ್ರೂಡ್ರೈವರ್ ಎತ್ಕೊಂಡು, ಸ್ಟೂಲ್ ಹಾಕಿ ಹತ್ತಿದೆ.

ಅಪ್ಪ ಎದ್ದು ಬಂದ್ರು. ಹಿಂದೆ ನಿಂತ್ರು. ಬೈತಾರೆ ಅಂದ್ಕೊಂಡೆ.

"ಕ್ಲೋಸರಿನ ಕೈಯ ಸ್ಕ್ರೂ ಮೊದಲು ತೆಗಿ. ಇಲ್ಲದಿದ್ರೆ ಅದು ಹಾರಿ ಮುಖಕ್ಕೆ ಬಡೀತದೆ."

ಸ್ಟೂಲಿನ ಒಂದು ಕಾಲು ಮೊದಲಿಂದಲೂ ಅಲ್ಲಾಡ್ತದೆ, ನಿನಗೆ ಗೊತ್ತುಂಟು. ಸ್ವಲ್ಪ ಹೊತ್ತಲ್ಲಿ ಅಲ್ಲಾಡೋದು ನಿಂತಿತು. ಕೆಳಗೆ ನೋಡಿದೆ. ಅಪ್ಪ ಬಗ್ಗಿ ಎರಡು ಕೈಯಲ್ಲಿ ಸ್ಟೂಲ್ ಹಿಡ್ಕೊಂಡಿದ್ರು. ತಲೆ ಮೇಲಿನ ಕೂದಲು ಅಷ್ಟು ಕಡಿಮೆ ಆದದ್ದು ನಾನು ನೋಡಿರ್ಲಿಲ್ಲ.

ಕೈಯ ಸ್ಕ್ರೂ ಮೊದಲು ತೆಗ್ದೆ.

ಡಬ್ಬ ಬಿಚ್ಚಿ ಅವರ ಕೈಗೆ ಕೊಟ್ಟೆ. ತಿರುಗಿಸಿ ನೋಡಿದ್ರು. "ಎಣ್ಣೆ ಸೋರ್ತಾ ಉಂಟು" ಅಂದ್ರು. ಅಷ್ಟೇ. ಇನ್ನೂ ಒಂದು ಸಲ ಅವರ ಮುಖ ನೋಡಿದೆ, ಅವಕಾಶ ಕೊಟ್ಟೆ. ಅವರು ಅಂಗಿಯ ತುದಿಯಲ್ಲಿ ಎಣ್ಣೆ ಒರೆಸ್ತಾ ಇದ್ರು.

ಸ್ಕ್ರೂಡ್ರೈವರನ್ನು ಪೇಪರ್ ಮೇಲೆ, ಅದರ ಜಾಗದಲ್ಲೇ ಇಟ್ಟೆ. ಬ್ಯಾಗ್ ಹೆಗಲಿಗೆ ಹಾಕಿ ಹೊರಗೆ ಬಂದೆ. ಬಾಗಿಲಿನ ಹಿಡಿಯನ್ನು ಎರಡು ಕೈಯಲ್ಲಿ ಹಿಡಿದೆ. ಹಿಡಿದು ತಡೆಯುವಂಥದ್ದು ಮೇಲೆ ಎಂತದೂ ಇರ್ಲಿಲ್ಲ, ಬಾಗಿಲು ಹಗುರಾಗಿ ಬಂತು. ಆರು ವರ್ಷದ್ದು ಒಟ್ಟಿಗೆ ಸೇರಿಸಿ ಎಳೆದೆ. ಕಾರಿಡಾರಿನ ಆ ತುದಿಯಿಂದ ಈ ತುದಿವರೆಗೆ ಎಲ್ಲರ ಕಿಟಕಿ ಗಾಜು ನಡುಗುವ ಹಾಗೆ, ಢಂ ಅಂತ.

ಸ್ವಸ್ತಿಕ್